ಬಿಳಿ ಬಟ್ಟೆಗೆ ಒಂದಿಷ್ಟು ಮಸಿ

ಅಡುಗೆಮನೆಯ ಹಿಂದಿನ ಕಿಟಕಿಯಲ್ಲಿ ತೂಗುತ್ತಿದ್ದ ಕಸೂತಿ ಬಳೆ ಬರಿದಾಗಿತ್ತು. ಅದರೊಳಗೆ ಬಿಗಿದು ಕಟ್ಟಿದ್ದ ಕರವಸ್ತ್ರದಗಲದ ಬಟ್ಟೆ ಮಾಯವಾಗಿತ್ತು. ಕನ್ನಡಕದಣ್ಣ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಳೆಯೊಳಗೆ ತಲೆ ತೂರಿಸಿ ನೋಡಿದ. ಆಚೆಗೆ ಟೈರು ಕಾರ್ಖಾನೆಯ ಚಿಮಣಿ ಕಂಡಿತೇ ಹೊರತು ಬಟ್ಟೆ ಕಾಣಲಿಲ್ಲ.

"ಅತ್ತೇ, ಇಲ್ಲೊಂದು ಬಟ್ಟೆ ಇತ್ತಲ್ಲ?"

"ಬಟ್ಟೆಯಾ ಅದು?" ಅತ್ತೆ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ಸತ್ತ ಕಾಗೆ ಇದ್ದಂಗಿತ್ತು. ಯಾರಾದ್ರೂ ಬಂದು ನೋಡಿದ್ರೆ ನನ್ನ ಮಗಳ ಸಂಸಾರದ ಬಗ್ಗೆ ಏನಂದ್ಕೋಬೇಕು? ನಿನ್ನೆ ಸಂಜೆ ಬಿಚ್ಚಿ, ನೆನೆಹಾಕಿ, ಎರಡು ಸಲ ಸೋಪು ಹಚ್ಚಿ, ನೀಲಿ ಅದ್ದಿ ಒಣಗಿಸಿದೆ. ಇಸ್ತ್ರಿ ಮಾಡಿ ಬೀರುವಿನಲ್ಲಿ ಇಟ್ಟಿದೀನಿ. ಹೋಗಿ ನೋಡಿ, ಕಣ್ಣು ಕುಕ್ಕುತ್ತೆ."

ಕನ್ನಡಕದಣ್ಣನ ಬಾಯಿಂದ ಬ್ರಷ್ಷು ಕೆಳಗೆ ಬಿತ್ತು.

ಅವನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಒರೆಸಿ, ಫ್ರೇಮಿಗೆ ಕೂರಿಸುವ ಕೆಲಸದವನು. ಗಲ್ಲಿಯವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಗಲ್ಲಿಯ ಕೊನೆಗೆ, ಕೊಳಚೆ ಕಾಲುವೆಯ ಆಚೆ, ಹಳೇ ಟೈರುಗಳನ್ನು ಕಾಯಿಸಿ ಎಣ್ಣೆ ಇಳಿಸುವ ಕಾರ್ಖಾನೆಯಿತ್ತು. ಅದು ಉಸಿರು ಬಿಟ್ಟಾಗ ಇಡೀ ಗಲ್ಲಿ ಉಸಿರು ಬಿಗಿಹಿಡಿಯುತ್ತಿತ್ತು. ಬೆಳಿಗ್ಗೆ ಒಣಹಾಕಿದ ಅಂಗಿಯನ್ನು ಸಂಜೆ ತೆಗೆಯುವಾಗ ಬೇರೆ ಯಾರದೋ ಅಂಗಿಯಂತೆ ಕಾಣುತ್ತಿತ್ತು. ಮುದುಕರು ಕೆಮ್ಮುತ್ತಿದ್ದರು, ಹರೆಯದವರು ಮುದುಕರಂತೆ ಕೆಮ್ಮುತ್ತಿದ್ದರು. ಕನ್ನಡಕದಣ್ಣನ ಪುಟ್ಟ ಮಗಳು ಮಲಗಿದರೆ ಎದೆಯೊಳಗೆ ಯಾರೋ ಕೂತು ಸಣ್ಣಗೆ ಸೀಟಿ ಊದಿದಂತೆ ಸದ್ದಾಗುತ್ತಿತ್ತು. ಆ ಸದ್ದು ನಿಂತರೆ ಅವನಿಗೆ ಇನ್ನೂ ಹೆದರಿಕೆ. ಎದ್ದು ಕೂತು ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದ.

ದೂರು ಕೊಟ್ಟರೆ ಕಚೇರಿಯವರು ಪುರಾವೆ ಕೇಳಿದರು. ಗಾಳಿ ಅಳೆಯುವ ಯಂತ್ರ ಕೊಳ್ಳುವುದು ಗಲ್ಲಿಯವರ ಕೈಲಾಗುವ ಮಾತಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಕ್ಕ ಒಂದು ಉಪಾಯ ಹುಡುಕಿದಳು. ಆಸ್ಪತ್ರೆಯ ಬಿಳಿ ಹಾಸುಬಟ್ಟೆಯೊಂದನ್ನು ತುಂಡುತುಂಡಾಗಿ ಕತ್ತರಿಸಿ, ಕಸೂತಿ ಬಳೆಗಳಿಗೆ ಬಿಗಿದು, ಒಂದು ತಿಂಗಳು ಮನೆಮನೆಯ ಕಿಟಕಿಯಲ್ಲಿ ತೂಗುಹಾಕುವುದು. ಕೂತ ಮಸಿಯನ್ನು ಬಣ್ಣದಂಗಡಿಯಿಂದ ತಂದ, ತಿಳಿಯಿಂದ ಗಾಢದವರೆಗಿನ ಬೂದು ಬಣ್ಣಗಳ ಪಟ್ಟಿಗೆ ಹೋಲಿಸಿ ನೋಡುವುದು. ಬಡವರ ಯಂತ್ರ ಇಷ್ಟೇ. ಆದರೂ ಪತ್ರದ ಮೇಲೆ ಪತ್ರ ಬರೆದು ನರ್ಸಕ್ಕ ತಪಾಸಣೆಯ ಸಾಹೇಬರನ್ನು ಒಪ್ಪಿಸಿದ್ದಳು. ಅವರು ಇವತ್ತು ಸಂಜೆ ಬರುವವರಿದ್ದರು. ಬಟ್ಟೆಗಳನ್ನು ನೋಡಿ ಅವರಿಗೆ ನಂಬಿಕೆ ಬಂದರೆ ನಿಜವಾದ ಯಂತ್ರ ತಂದು ನರ್ಸಕ್ಕನ ಮಾಳಿಗೆಯ ಮೇಲೆ ಇಡಿಸುತ್ತಾರೆ. ಆಮೇಲೆ ಕಾರ್ಖಾನೆ ಬಾಲ ಮುದುರಲೇಬೇಕು. ನಂಬಿಕೆ ಬರದಿದ್ದರೆ ಫೈಲು ಮುಚ್ಚುತ್ತಾರೆ. ಮತ್ತೆ ಮತ್ತೆ ಬರಲು ನನಗೆ ಬೇರೆ ಕೆಲಸವಿಲ್ಲವೇ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ಬಟ್ಟೆ ಹಂಚಿದ ದಿನ ಕನ್ನಡಕದಣ್ಣ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಸಭೆಯ ಕೊನೇ ಸಾಲಿನಲ್ಲಿ ನಿಂತಿದ್ದ. ನರ್ಸಕ್ಕನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಮಗುವಿಗೆ ಕೆಮ್ಮು ಹತ್ತಿ, ಅವನು ಹೊರಗೆ ಓಡಬೇಕಾಯಿತು. ಹಿಂದಿರುಗಿದಾಗ ಬಳೆಗಳೆಲ್ಲ ಮುಗಿದಿದ್ದವು. ನರ್ಸಕ್ಕ ಅಂಟು ಹಚ್ಚಿದ ಒಂದು ಕವರನ್ನು ಅವನ ಕೈಗಿಟ್ಟು, "ಇದು ನಿಮ್ಮ ಜವಾಬ್ದಾರಿ ಅಣ್ಣಾ. ನಿಮ್ಮ ಮೇಲೆ ನಂಬಿಕೆ ಇಟ್ಟು ಕೊಡ್ತಾ ಇದೀನಿ" ಎಂದಿದ್ದಳು. ಅವನು ಮನೆಗೆ ಬಂದು ಕವರು ಬಿಡಿಸಿ, ಹೆಂಡತಿಯ ಹಳೇ ಕಸೂತಿ ಬಳೆ ಹುಡುಕಿ, ಮಗಳ ಕೈಗೆಟುಕದಂತೆ ಹಿಂದಿನ ಕಿಟಕಿಗೆ ತೂಗುಹಾಕಿದ್ದ. ನರ್ಸಕ್ಕ ಆಗಾಗ ಎಲ್ಲರ ಮನೆಗೂ ಹೋಗಿ ಬಟ್ಟೆ ನೋಡಿ ಬರುತ್ತಿದ್ದಳು. ಇವನ ಮನೆಗೆ ಮಾತ್ರ ಒಂದು ಸಲವೂ ಬರಲಿಲ್ಲ. ಅಷ್ಟು ನಂಬಿಕೆ ಎಂದು ಅವನು ಒಳಗೊಳಗೇ ಉಬ್ಬಿದ್ದ.

ಈಗ ಬೀರುವಿನ ಬಾಗಿಲು ತೆಗೆದು ನೋಡಿದರೆ ಆ ನಂಬಿಕೆ ನಾಲ್ಕು ಮಡಿಕೆಯಾಗಿ, ಗೆರೆ ಬಿದ್ದು, ಹಾಲಿನ ಕೆನೆಯಂತೆ ಹೊಳೆಯುತ್ತಿತ್ತು.

"ಅತ್ತೇ, ಅದು ಮಸಿ ಆಗ್ಲಿ ಅಂತಾನೇ ಕಟ್ಟಿದ್ದು!"

"ಮಸಿ ಆಗ್ಲಿ ಅಂತ ಯಾರಾದ್ರೂ ಬಟ್ಟೆ ಕಟ್ತಾರಾ ಅಳಿಯಂದ್ರೇ? ಜ್ವರ ಗಿರ ಬಂದಿದೆಯಾ ನೋಡ್ಕೊಳ್ಳಿ" ಎಂದು ಅತ್ತೆ ಪಾತ್ರೆಯ ತಳ ಉಜ್ಜತೊಡಗಿದರು. ಅವರು ಉಜ್ಜಿ ಉಜ್ಜಿ ಆ ಮನೆಯ ಪಾತ್ರೆಗಳೆಲ್ಲ ಕಾಗದದಷ್ಟು ತೆಳ್ಳಗಾಗಿದ್ದವು.

ಸಂಜೆಯವರೆಗೆ ಸಮಯವಿದೆ, ಹೊರಗೆ ಹಿಡಿದರೆ ಎಷ್ಟೋ ಅಷ್ಟು ಕೂತೀತು ಎಂದುಕೊಂಡು ಅವನು ಬಟ್ಟೆಯನ್ನು ಎರಡು ಕೈಯಲ್ಲಿ ಹರಡಿ ಹಿತ್ತಲಿನಲ್ಲಿ ನಿಂತ. ಆಗ ಗೊತ್ತಾಯಿತು, ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ. ಸಾಹೇಬರು ಬರುವ ಸುದ್ದಿ ಕಾರ್ಖಾನೆಗೆ ಮೊದಲೇ ಮುಟ್ಟಿತ್ತು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಕ್ಕದ ಮನೆಯ ಮುದುಕ ಅಂಗಳಕ್ಕೆ ಕುರ್ಚಿ ಎಳೆದುಕೊಂಡು ಎದೆ ತುಂಬಾ ಉಸಿರಾಡುತ್ತ, "ಏನು ಗಾಳಿ ಮಾರಾಯಾ!" ಎಂದ. ಬೇಡ ಬೇಡವೆಂದರೂ ಇಷ್ಟು ವರ್ಷ ಮನೆಯೊಳಗೆ ನುಗ್ಗುತ್ತಿದ್ದ ಹೊಗೆ, ಇವತ್ತೊಂದು ದಿನ ಬೇಕೆಂದು ಬಟ್ಟೆಯೊಡ್ಡಿ ನಿಂತರೂ ಬರಲಿಲ್ಲ. ಕನ್ನಡಕದಣ್ಣನಿಗೆ ಅಳು ಬಂದಂತಾಯಿತು.

ಕೆಲಸಕ್ಕೆ ಹೊರಟವನಿಗೆ ಮೆಟ್ಟಿಲಿನ ಬುಡದಲ್ಲೇ ನರ್ಸಕ್ಕ ಎದುರಾದಳು. ಬಟ್ಟೆ ಅವನ ಜೇಬಿನಲ್ಲಿತ್ತು.

"ಅಣ್ಣಾ, ಭದ್ರವಾಗಿದೆ ತಾನೆ?"

"ಭದ್ರವಾಗಿದೆ ಅಕ್ಕಾ."

"ಯಾರೂ ಕೈ ಹಚ್ಚಿಲ್ಲ ತಾನೆ?"

"ಛೆ ಛೆ! ನಾನೇ ಹತ್ತಿರ ಹೋಗಲ್ಲ."

"ಅಬ್ಬಾ, ನಿಮ್ಮಂಥೋರು ಒಬ್ರಿದ್ರೆ ಸಾಕು. ಇವತ್ತು ಎಲ್ಲ ನಿಮ್ಮದರ ಮೇಲೇ ನಿಂತಿರೋದು" ಎಂದು ನರ್ಸಕ್ಕ ಅವನ ತೋಳು ತಟ್ಟಿ ಹೋದಳು. ಅವನು ಜೇಬು ಒತ್ತಿ ಹಿಡಿದುಕೊಂಡು ಅಂಗಡಿಯತ್ತ ನಡೆದ.

ಅಂಗಡಿಯ ಹಿಂಭಾಗದಲ್ಲಿ ಗಾಜು ಅರೆಯುವ ಪುಡಿಯಣ್ಣ ಕೂತಿದ್ದ. ಮೈಮೇಲೆ ಸದಾ ಗಾಜಿನ ಪುಡಿ ಇರುತ್ತಿದ್ದುದರಿಂದ ಅವನಿಗೆ ಆ ಹೆಸರು. ಊರಿನ ಯಾವ ಕಷ್ಟವನ್ನು ಹೇಳಿದರೂ ಅವನ ಬಳಿ ಪರಿಹಾರವಿತ್ತು, ಮತ್ತು ಯಾವ ಪರಿಹಾರದಿಂದಲೂ ಇಲ್ಲಿಯವರೆಗೆ ಯಾರ ಕಷ್ಟವೂ ತೀರಿರಲಿಲ್ಲ.

"ಇಷ್ಟೇನಾ?" ಎಂದ ಪುಡಿಯಣ್ಣ ಎಲ್ಲ ಕೇಳಿ. "ಯಜಮಾನ್ರ ಸ್ಕೂಟರ್ ಇಲ್ವಾ? ಅದು ಬಿಡೋ ಹೊಗೆ ನೋಡಿದ್ರೆ ನಿಮ್ಮ ಕಾರ್ಖಾನೆ ನಾಚ್ಕೋಬೇಕು."

"ಮೋಸ ಅನ್ಸಲ್ವೇನೋ?"

"ಏನು ಮೋಸ? ಇದ್ದ ಮಸಿ ಹೋಯ್ತು. ಹೋದದ್ದನ್ನ ವಾಪಸ್ ಹಾಕ್ತಾ ಇದೀಯ. ಕಳ್ಕೊಂಡ ಗುಂಡಿ ಹೊಲಿಸ್ಕೊಂಡಂಗೆ."

ಈ ಮಾತು ಕನ್ನಡಕದಣ್ಣನ ಮನಸ್ಸಿಗೆ ಹಿಡಿಸಿತು. ಮಸಿ ಇದ್ದದ್ದು ಸುಳ್ಳಲ್ಲ. ಮಗಳ ಎದೆಯೊಳಗಿನ ಸೀಟಿಯೂ ಸುಳ್ಳಲ್ಲ. ಇಬ್ಬರೂ ಅಂಗಡಿಯ ಪಕ್ಕದ ಸಂದಿಗೆ ಹೋದರು. ಕನ್ನಡಕದಣ್ಣ ಮಂಡಿಯೂರಿ ಕೂತು ಸ್ಕೂಟರಿನ ಹೊಗೆ ಕೊಳವೆಗೆ ಬಟ್ಟೆ ಹಿಡಿದ. ಪುಡಿಯಣ್ಣ ಕಿಕ್ಕರ್ ಒದ್ದ. ಸ್ಕೂಟರು ಕ್ಷಯದ ರೋಗಿಯಂತೆ ಕೆಮ್ಮಿ, ಗುಡುಗಿ, ಕಫ ಕಾರಿದಂತೆ ಕಾರಿತು. ಬಟ್ಟೆ ತೆಗೆದು ನೋಡಿದರೆ ನಟ್ಟನಡುವೆ ಒಂದೇ ಒಂದು ದುಂಡನೆಯ ಕಪ್ಪು ಗುರುತು. ಸುತ್ತಲೂ ಮೊದಲಿನ ಬಿಳುಪೇ ಇತ್ತು.

"ಗ್ರಹಣ ಹಿಡಿದಂಗಿದೆ" ಎಂದ ಪುಡಿಯಣ್ಣ, ಮೆಚ್ಚಿಕೊಂಡು.

"ಯಾವ ಗಾಳಿಯಪ್ಪಾ ಹೀಗೆ ದುಂಡಗೆ ಬೀಸೋದು?"

ಅಷ್ಟರಲ್ಲಿ ಸದ್ದು ಕೇಳಿ ಯಜಮಾನರು ಹೊರಗೆ ಬಂದರು. ಮಂಡಿಯೂರಿ ಕೂತ ಕೆಲಸದವನನ್ನೂ, ಅವನ ಕೈಯಲ್ಲಿದ್ದ ಬಟ್ಟೆಯನ್ನೂ, ತಮ್ಮ ಸ್ಕೂಟರಿನ ಹಿಂಭಾಗವನ್ನೂ ಸರದಿಯಂತೆ ನೋಡಿದರು.

"ಏನ್ರೋ ಇದು? ನನ್ನ ಗಾಡಿಗೆ ಮೂಗು ಒರೆಸ್ತಾ ಇದೀರಾ?"

"ನೆಗಡಿ ಆಗಿತ್ತು ಸಾರ್, ಅದಕ್ಕೆ" ಎಂದುಬಿಟ್ಟ ಪುಡಿಯಣ್ಣ.

ಅದಾದ ಮೇಲೆ ಮಧ್ಯಾಹ್ನದವರೆಗೂ ಯಜಮಾನರು ಕನ್ನಡಕದಣ್ಣನ ಬೆನ್ನ ಹಿಂದಿನಿಂದ ಅಲ್ಲಾಡಲಿಲ್ಲ. ಅವನು ಕದ್ದುಮುಚ್ಚಿ ಗಾಜು ಒರೆಸುವ ದ್ರವದಲ್ಲಿ ಬಟ್ಟೆಯ ಗ್ರಹಣ ಬಿಡಿಸುತ್ತ, ಅದೇ ಬೆರಳಲ್ಲಿ ಗಾಜು ಮುಟ್ಟುತ್ತ ಕೆಲಸ ಮಾಡಿದ. ಹೊಸ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬರು, "ಅಯ್ಯೋ, ನನ್ನ ಕಣ್ಣಿಗೆ ಪೊರೆ ಬಂದಿದೆ!" ಎಂದು ಕೂಗಿಕೊಂಡರು. ಯಜಮಾನರು ಕನ್ನಡಕ ಇಸಿದುಕೊಂಡು ನೋಡಿದರು. ಪೊರೆ ಬೆರಳಚ್ಚಿನ ಆಕಾರದಲ್ಲಿತ್ತು.

"ನೀನು ಮನೆಗೆ ಹೋಗು. ನಾಳೆನೂ ಬರೋದು ಬೇಡ. ಕರೀಬೇಕು ಅನ್ನಿಸಿದಾಗ ನಾನೇ ಹೇಳಿಕಳಿಸ್ತೀನಿ" ಎಂದರು.

ಕನ್ನಡಕದಣ್ಣ ಮನೆಗೆ ಹೋಗಲಿಲ್ಲ, ಬೇಕರಿಗೆ ಹೋದ. ಆ ಬೀದಿಯಲ್ಲಿ ಇನ್ನೂ ಸೌದೆಯ ಒಲೆ ಉರಿಯುತ್ತಿದ್ದದ್ದು ಅಲ್ಲೊಂದೇ. ಬೇಕರಿಯವನು ಗುಂಡನೆಯ ಮನುಷ್ಯ, ಹಿಟ್ಟಿನಂತೆಯೇ ನಿಧಾನವಾಗಿ ಉಬ್ಬುವವನು.

"ಒಂದಿಷ್ಟು ಮಸಿ ಬೇಕಿತ್ತು."

"ಬನ್ನು ಕೇಳಿದೋರು ಇದ್ದಾರೆ, ಬ್ರೆಡ್ಡು ಕೇಳಿದೋರು ಇದ್ದಾರೆ. ಮಸಿ ಕೇಳಿದೋನು ನೀನೇ ಮೊದಲು" ಎಂದು ಬೇಕರಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವನ ಮುಖ ಅರಳಿತು. "ಒಂದ್ಕೆಲಸ ಮಾಡು. ನಮ್ಮ ಹೊಗೆಗೂಡು ಗುಡಿಸದೆ ಯಾವ ಕಾಲ ಆಯ್ತೋ. ಗುಡಿಸಿಕೊಡು, ಎಷ್ಟು ಬೇಕೋ ಅಷ್ಟು ತುಂಬ್ಕೊಂಡು ಹೋಗು."

ಕನ್ನಡಕದಣ್ಣ ಏಣಿ ಹತ್ತಿ, ಉದ್ದನೆಯ ಕಸಪೊರಕೆ ಹಿಡಿದು ಹೊಗೆಗೂಡಿನೊಳಗೆ ತಲೆಯಿಟ್ಟ. ಮೊದಲ ಏಟಿಗೆ ಚಿಟಿಕೆಯಷ್ಟು ಉದುರಿತು. ಎರಡನೇ ಏಟಿಗೆ ಬೇಕರಿಯ ಇಡೀ ಇತಿಹಾಸ ಅವನ ತಲೆಯ ಮೇಲೆ ಬಿತ್ತು. ಕೆಳಗಿಳಿದಾಗ ಅವನ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಬಿಳಿಯದಾಗಿ ಉಳಿದಿರಲಿಲ್ಲ. ಬ್ರೆಡ್ಡು ಕೊಳ್ಳಲು ಬಂದ ಮಗುವೊಂದು ಅವನನ್ನು ನೋಡಿ ಚೀರಿ ಅಮ್ಮನ ಹಿಂದೆ ಅಡಗಿತು. ಅವನಿಗೆ ಕೆಮ್ಮು ಬಂತು. ಬಗ್ಗಿ ಕೂತು ಕೆಮ್ಮುವಾಗ ಎದೆಯೊಳಗೆ ಸೀಟಿಯ ಸದ್ದು ಕೇಳಿಸಿತು. ಮಗಳಿಗೆ ದಿನಾ ಹೀಗೇ ಆಗುತ್ತದೇನೋ ಎಂದುಕೊಂಡ.

ಆಮೇಲೆ ಮಸಿಯನ್ನು ಹಿಡಿಹಿಡಿಯಾಗಿ ಬಟ್ಟೆಗೆ ತಿಕ್ಕಹೊರಟ.

"ತೆಗಿ ಕೈ!" ಬೇಕರಿಯವನು ಗದರಿದ. "ಹೀಗಾ ಹಾಕೋದು? ಕೇಕಿನ ಮೇಲೆ ಸಕ್ಕರೆಪುಡಿ ಉದುರಿಸೋದು ನೋಡಿಲ್ವಾ ನೀನು?"

ಅವನು ಹಳೇ ಜರಡಿಯೊಂದನ್ನು ತಂದ. ಬಟ್ಟೆಯನ್ನು ಹಲಗೆಯ ಮೇಲೆ ಹರಡಿ, ಒಂದು ಕಣ್ಣು ಮುಚ್ಚಿ, ಜರಡಿಯನ್ನು ಎತ್ತರದಲ್ಲಿ ಹಿಡಿದು ಬೆರಳ ತುದಿಯಿಂದ ತಟ್ಟಿದ. ಮಸಿ ಮಂಜಿನಂತೆ ಇಳಿಯಿತು. ಮೂಲೆಗೆ ಒಂದಿಷ್ಟು, ಅಂಚಿಗೆ ಒಂದಿಷ್ಟು. ಕೊನೆಗೆ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ, ಉಳಿದದ್ದನ್ನು ಊದಿ, ಹಿಂದಕ್ಕೆ ಸರಿದು ನೋಡಿದ.

"ಕಾರ್ಖಾನೆಯವರಿಗೂ ಇಷ್ಟು ಸಮವಾಗಿ ಉದುರಿಸೋಕೆ ಬರಲ್ಲ."

ನಿಜವಾಗಿಯೂ ಅದು ಒಂದು ತಿಂಗಳ ಮಸಿಯಂತೆಯೇ ಇತ್ತು. ಇನ್ನೂ ಹೇಳಬೇಕೆಂದರೆ ಮೊದಲಿನದಕ್ಕಿಂತ ಚೆನ್ನಾಗಿತ್ತು. ಕನ್ನಡಕದಣ್ಣನಿಗೆ ಆ ದಿನ ಮೊದಲ ಸಲ ನಗು ಬಂತು.

ಮನೆಗೆ ಬಂದು ಮೈ ಉಜ್ಜಿದರೂ ಕಿವಿಯ ಸಂದಿ, ಉಗುರಿನ ಬುಡ ಕಪ್ಪಾಗಿಯೇ ಉಳಿದವು. ಅವನು ಹಳೇ ಕವರು ಹುಡುಕಿ, ಬಟ್ಟೆಯನ್ನು ಒಳಗಿಟ್ಟು, ಕೊಟ್ಟಾಗ ಹೇಗಿತ್ತೋ ಹಾಗೆಯೇ ಅಂಟು ಹಚ್ಚಿ ಮುಚ್ಚಿದ. ವಸ್ತು ಅಚ್ಚುಕಟ್ಟಾಗಿ ಒಪ್ಪಿಸಬೇಕೆನ್ನುವುದು ಅವನ ಸ್ವಭಾವ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮತ್ತೆ ಕೊಳೆ ಮಾಡಿದ್ರಾ? ಕೊಡಿ ಇಲ್ಲಿ."

ಅವನು ಕವರನ್ನು ಎದೆಗವಚಿಕೊಂಡು ಬೀದಿಗೆ ಓಡಿದ.

ಸಭೆ ಹಳೇ ಗ್ರಂಥಾಲಯದ ಕೋಣೆಯಲ್ಲಿ ನಡೆಯಿತು. ಗಲ್ಲಿಯವರೆಲ್ಲ ಒತ್ತೊತ್ತಾಗಿ ಬೆಂಚುಗಳ ಮೇಲೆ ಕೂತಿದ್ದರು. ಕನ್ನಡಕದಣ್ಣನ ಹೆಂಡತಿ ಕೆಲಸದಿಂದ ನೇರವಾಗಿ ಅಲ್ಲಿಗೇ ಬಂದು, ತನ್ನ ತಾಯಿ ಎತ್ತಿಕೊಂಡು ಬಂದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅತ್ತೆಯೂ ಅಳಿಯನ ಹಿಂದೆಯೇ ಬಂದು ಬಾಗಿಲ ಬಳಿ ನಿಂತರು. ಮೇಜಿನ ಮೇಲೆ ಕಸೂತಿ ಬಳೆಗಳ ಸಾಲಿತ್ತು, ಒಂದೊಂದೂ ಕರಕಲು ರೊಟ್ಟಿಯಂತೆ. ಸಾಹೇಬರು ಸಣಕಲು ಮನುಷ್ಯ. ಮಾತಿನ ನಡುವೆ ಗಡಿಯಾರ ನೋಡುತ್ತಿದ್ದರೋ, ಗಡಿಯಾರ ನೋಡುವ ನಡುವೆ ಮಾತಾಡುತ್ತಿದ್ದರೋ ತಿಳಿಯುತ್ತಿರಲಿಲ್ಲ.

"ಕಪ್ಪಾಗಿರೋದೇನೋ ಸರಿಯಮ್ಮಾ" ಎಂದರು ಅವರು. "ಆದ್ರೆ ಕಾರ್ಖಾನೆಯವರು ಬರೆದು ಕೊಟ್ಟಿದ್ದಾರೆ. ಇವು ಆಸ್ಪತ್ರೆಯ ಹಳೇ ಬಟ್ಟೆ, ಮೊದಲೇ ಮಾಸಿದ್ವು, ಹೊಗೆಗೂ ಇದಕ್ಕೂ ಸಂಬಂಧ ಇಲ್ಲ ಅಂತ. ಇದಕ್ಕೇನಂತೀರಿ?"

ನರ್ಸಕ್ಕ ಈ ಪ್ರಶ್ನೆಗೇ ಕಾದಿದ್ದವಳಂತೆ ಎದ್ದು ನಿಂತಳು.

"ಅವರು ಹೀಗೇ ಹೇಳ್ತಾರೆ ಅಂತ ಗೊತ್ತಿತ್ತು ಸಾರ್. ಅದಕ್ಕೇ ಅದೇ ಹಾಸುಬಟ್ಟೆಯ ಒಂದು ತುಂಡನ್ನ ಮಾತ್ರ ತೂಗುಹಾಕಿಲ್ಲ."

ಕನ್ನಡಕದಣ್ಣ ತಲೆಯೆತ್ತಿದ.

"ಕವರಿನಲ್ಲಿ ಹಾಕಿ, ಅಂಟು ಹಚ್ಚಿ, ಗಾಳಿ ಸೋಕದ ಹಾಗೆ ಮುಚ್ಚಿಟ್ಟಿದೀವಿ. ಇವೆಲ್ಲ ಮೊದಲು ಎಷ್ಟು ಬೆಳ್ಳಗಿದ್ವು ಅನ್ನೋದಕ್ಕೆ ಅದೊಂದೇ ಸಾಕ್ಷಿ. ನಮ್ಮಲ್ಲೇ ತುಂಬಾ ನಂಬಿಕಸ್ಥರ ಮನೇಲಿ ಇಟ್ಟಿದ್ವಿ. ಅಣ್ಣಾ, ಕೊಡಿ."

ಇಡೀ ಕೋಣೆ ಅವನತ್ತ ತಿರುಗಿತು. ಕನ್ನಡಕದಣ್ಣನ ಕೈ ಕವರನ್ನು ಬಿಡಲಿಲ್ಲ. ನರ್ಸಕ್ಕ ನಗುತ್ತ ಬಂದು ಮೆಲ್ಲಗೆ ಎಳೆದುಕೊಂಡು ಸಾಹೇಬರಿಗೆ ಒಪ್ಪಿಸಿದಳು. ಸಾಹೇಬರು ಅಂಚು ಹರಿದು, ಬಟ್ಟೆ ತೆಗೆದು, ಬಿಡಿಸಿ ಎತ್ತಿ ಹಿಡಿದರು. ಬಿಡಿಸುವ ರಭಸಕ್ಕೆ ಒಂದಿಷ್ಟು ಮಸಿ ಹಾರಿ ಅವರ ಬಿಳಿ ಅಂಗಿಯ ಮೇಲೆ ಕೂತಿತು.

ಕೋಣೆಯಲ್ಲಿ ಮಗಳ ಎದೆಯ ಸೀಟಿಯೊಂದೇ ಕೇಳಿಸುತ್ತಿತ್ತು.

"ಮುಚ್ಚಿಟ್ಟದ್ದೇ ಇಷ್ಟು ಕಪ್ಪಾ?" ಎಂದರು ಸಾಹೇಬರು. "ಹಾಗಾದ್ರೆ ಕಾರ್ಖಾನೆಯವರು ಹೇಳಿದ್ದೇ ನಿಜ ಆಯ್ತಲ್ಲಮ್ಮಾ."

ನರ್ಸಕ್ಕನ ಮುಖ ಅವಳು ಕತ್ತರಿಸಿದ ಹಾಸುಬಟ್ಟೆಗಿಂತ ಬಿಳುಚಿಕೊಂಡಿತು. ಅದನ್ನು ನೋಡಲಾರದೆ ಕನ್ನಡಕದಣ್ಣ ಎದ್ದ.

"ಸಾರ್, ಅವರ ತಪ್ಪಲ್ಲ. ಅದು ಬೆಳ್ಳಗೇ ಇತ್ತು. ನಾನೇ ಕಪ್ಪು ಮಾಡಿದ್ದು. ಬೇಕರಿಯ ಮಸಿ ಅದು."

"ನೀವೇ?" ಸಾಹೇಬರು ಗಡಿಯಾರ ನೋಡುವುದನ್ನು ಮರೆತರು. "ಕೈಯಾರೆ?"

"ಜರಡಿಯಲ್ಲಿ, ಸಾರ್."

"ಹೌದು ಸಾರ್!" ಎಂದು ಬಾಗಿಲಿಂದ ಅತ್ತೆ ಅಳಿಯನ ಸಹಾಯಕ್ಕೆ ಧಾವಿಸಿದರು. "ಬೆಳಿಗ್ಗೆ ಹಾಲಿನಂಗಿತ್ತು. ನಾನೇ ತೊಳೆದು ಇಸ್ತ್ರಿ ಮಾಡಿದ್ದೆ."

"ತೊಳೆದ್ರಾ? ತೊಳೆಯೋ ಮುಂಚೆ ಹೇಗಿತ್ತು?"

"ಕರ್ರಗಿತ್ತು!"

ಸಾಹೇಬರು ಹಣೆ ಹಿಡಿದುಕೊಂಡು ಕೂತರು. "ಕಪ್ಪಗಿದ್ದದ್ದನ್ನ ಈ ಅಮ್ಮ ಬಿಳಿ ಮಾಡಿದ್ರು. ಬಿಳಿ ಆದದ್ದನ್ನ ಇವರು ಕಪ್ಪು ಮಾಡಿದ್ರು. ಬಿಳಿ ಇರಬೇಕಾದದ್ದೇ ಹೀಗಾದ್ರೆ, ಕಪ್ಪಗಿರೋ ಉಳಿದದ್ದನ್ನ ಯಾರ್ಯಾರು ಯಾವ್ಯಾವ ಜರಡಿ ಹಿಡಿದು ಮಾಡಿದ್ರಿ?"

ಕೋಣೆಯಲ್ಲಿ ಗದ್ದಲವೆದ್ದಿತು. ನಮ್ಮದು ಅಪ್ಪಟ ಹೊಗೆ ಎಂದು ಒಬ್ಬ ಆಣೆಯಿಟ್ಟ. ಪಕ್ಕದ ಮನೆಯ ಮುದುಕ ಪುರಾವೆಗೆಂದು ಜೋರಾಗಿ ಕೆಮ್ಮಿ ತೋರಿಸಿದ. ಆದರೆ ಎಲ್ಲರ ಕಣ್ಣೂ ಕನ್ನಡಕದಣ್ಣನ ಕಿವಿಯ ಸಂದಿಯ ಮೇಲೇ ಇತ್ತು. ಸಾಹೇಬರು ಅಂಗಿ ಕೊಡವಿಕೊಂಡು, "ಬಟ್ಟೆಗಳನ್ನು ನಿವಾಸಿಗಳೇ ಮಸಿ ಮಾಡಿರುತ್ತಾರೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಅದನ್ನೇ ಬರೆದರು. ಫೈಲು ಮುಚ್ಚಿದರು. ಅವರ ಜೀಪು ಬೀದಿಯ ತಿರುವು ದಾಟಿತೋ ಇಲ್ಲವೋ, ಚಿಮಣಿ ಇಡೀ ದಿನ ನುಂಗಿಕೊಂಡಿದ್ದನ್ನು ಒಂದೇ ಸಲಕ್ಕೆ ಉಗುಳಿತು.

ಜನ ಒಬ್ಬೊಬ್ಬರೇ ಮೂಗು ಮುಚ್ಚಿಕೊಂಡು ಎದ್ದು ಹೋದರು. ಯಾರೂ ಕನ್ನಡಕದಣ್ಣನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹೆಂಡತಿ ಮಗಳ ಮುಖಕ್ಕೆ ತನ್ನ ಕೈವಸ್ತ್ರ ಮುಚ್ಚಿ, ಅವನ ಕಡೆ ನೋಡದೆ ಹೊರಟಳು.

ನರ್ಸಕ್ಕ ಮೇಜಿನ ಮೇಲಿದ್ದ ಬಳೆಗಳಿಂದ ಕಪ್ಪು ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ ಚೀಲದಿಂದ ಇನ್ನೊಂದು ಬಿಳಿ ಹಾಸುಬಟ್ಟೆ ತೆಗೆದು, ಕತ್ತರಿ ಹುಡುಕಿ, ಕತ್ತರಿಸತೊಡಗಿದಳು. ಮೊದಲ ತುಂಡನ್ನು ಕವರಿಗೆ ಹಾಕಿ ಅಂಟು ಹಚ್ಚಿ ಅತ್ತೆಯ ಕೈಗಿಟ್ಟಳು.

"ಈ ಸಲ ಇದು ನಿಮ್ಮ ಹತ್ರ ಇರ್ಲಿ ಅಮ್ಮಾ."

"ತೊಳೆದಿಡ್ಲಾ, ಹಾಗೇ ಇಡ್ಲಾ?"

"ಹಾಗೇ ಇಡಿ."

ಕನ್ನಡಕದಣ್ಣ ಬೆಂಚಿನ ತುದಿಯಿಂದ ಎದ್ದು ಬಂದು, ಮೆಲ್ಲಗೆ, "ಅಕ್ಕಾ, ನಾನೇನು ಮಾಡ್ಲಿ?" ಎಂದ.

ನರ್ಸಕ್ಕ ಕತ್ತರಿ ನಿಲ್ಲಿಸಿ ಅವನ ಕರಿ ಉಗುರುಗಳನ್ನು ನೋಡಿದಳು. ಯೋಚಿಸಿದಳು. ಅವಳಿಗೆ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು.

"ನೀವು ಮನೆಗೆ ಹೋಗಿ ಕಿಟಕಿ ಮುಚ್ಚಿ ಅಣ್ಣಾ. ಮಗು ಮಲಗೋ ಹೊತ್ತಾಯ್ತು."